ಮೆಣಸಿಯ ಉಗುರು

ಆ ಮನೆಯಲ್ಲಿ ಬೆಳಗಿನ ತಿಂಡಿಗೆ ಎಲ್ಲರೂ ಒಟ್ಟಿಗೆ ಕೂರುತ್ತಿದ್ದರು, ಒಟ್ಟಿಗೆ ಏಳುತ್ತಿರಲಿಲ್ಲ. ಮೊದಲು ಏಳುತ್ತಿದ್ದವಳು ನಾಲ್ಕು ವರ್ಷದ ಮೆಣಸಿ. ತುತ್ತು ಬಾಯಲ್ಲಿರುವಾಗಲೇ ಮೊಣಕೈ ಮಡಿಕೆಯಲ್ಲಿ ತುರಿಕೆ ಶುರುವಾಗುತ್ತಿತ್ತು. ತಟ್ಟೆಯನ್ನು ಅಲ್ಲೇ ಬಿಟ್ಟು ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜಲು ಓಡುತ್ತಿದ್ದಳು. ಹುಟ್ಟುವಾಗಲೇ ಕೆಂಪಗೆ, ಮುಟ್ಟಿದರೆ ಚೀರುವ ಹಾಗಿದ್ದಳೆಂದು ತಾತ ಇಟ್ಟ ಅಡ್ಡಹೆಸರು ಅದು. ಶಾಲೆಯಲ್ಲಿ ಬರೆಸಿದ ಹೆಸರು ಬೇರೆ ಇತ್ತು, ಅದನ್ನು ಹಿಡಿದು ಕರೆದರೆ ಅವಳು ತಿರುಗಿಯೂ ನೋಡುತ್ತಿರಲಿಲ್ಲ.

ಕೂಸಾಗಿದ್ದಾಗಿನಿಂದ ಅವಳ ಮೈಮೇಲೆ ಇಸಬು. ಅಲರ್ಜಿಯಿಂದ ಬರುವಂಥದ್ದು ಎಂದು ಡಾಕ್ಟರು ಹೇಳಿದ್ದರು. ಯಾವುದರ ಅಲರ್ಜಿ ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ರಾಗ. ಅಜ್ಜಿ ಮೊಟ್ಟೆ ಎಂದರು, ಅಪ್ಪ ಧೂಳು ಎಂದ, ಪಕ್ಕದ ಮನೆಯವಳು ಬೆಕ್ಕು ಎಂದಳು. ಬೀದಿಗೆಲ್ಲ ಇದ್ದ ಒಂದೇ ಬೆಕ್ಕು ಆ ಪಕ್ಕದ ಮನೆಯವಳದ್ದೇ.

ಮಗುವಿನ ಅಮ್ಮ, ಅಂದರೆ ಆ ಮನೆಯ ಸೊಸೆ, ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಗುಂಡಿಗೆ ಕಾಜಾ ಹಾಕುವ ಯಂತ್ರದ ಮುಂದೆ ಕೂರುವವಳು. ದಿನವಿಡೀ ಅಂಗಿಗಳ ಎದೆಯ ಮೇಲೆ ಒಂದೇ ಅಳತೆಯ ತೂತು ಕೊರೆದು ಅಂಚು ಹೊಲಿಯುವುದು ಅವಳ ಕೆಲಸ. ಅವಳ ಗಂಡ ಗೋಡೆಗೆ ಬಣ್ಣ ಬಳಿಯುವ ಪೇಂಟರ್. ಮಾವನದು ಕ್ಷೌರದ ಅಂಗಡಿ, ಮನೆಯ ಬೀದಿ ಕಡೆಯ ಕೋಣೆಯಲ್ಲೇ. ಊಟದ ಕೋಣೆಗೂ ಅಂಗಡಿಗೂ ನಡುವೆ ಒಂದು ಬಾಗಿಲು, ಅದಕ್ಕೊಂದು ಪರದೆ. ಅತ್ತೆ ಒಲೆಯ ಮುಂದೆ ನಿಂತೇ ಗಿರಾಕಿಗಳ ಸಂಸಾರದ ಕಥೆಯನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು, ಸಾಲದ್ದಕ್ಕೆ ಒಳಗಿಂದಲೇ ಸಲಹೆಯನ್ನೂ ಕೊಡುತ್ತಿದ್ದರು.

ಮೆಣಸಿಯನ್ನು ಅಳಿಸದೆ ಮುಟ್ಟಬಲ್ಲವರು ಆ ಮನೆಯಲ್ಲಿ ಒಬ್ಬರೇ, ಅವಳ ತಾತ. ಅಮ್ಮ ಸ್ನಾನಕ್ಕೆ ಎಳೆದರೆ ರಂಪ, ಅಪ್ಪ ಅಂಗಿ ತೊಡಿಸಿದರೆ ರಂಪ. ತಾತ ಮಾತ್ರ ಭಾನುವಾರ ಬೆಳಿಗ್ಗೆ ಗಿರಾಕಿಗಳು ಬರುವ ಮುಂಚೆ ಅವಳನ್ನು ಅಂಗಡಿಯ ಕುರ್ಚಿಯ ಮೇಲೆ ಹಲಗೆ ಇಟ್ಟು ಕೂರಿಸುತ್ತಿದ್ದರು. ಕೊರಳಿಗೆ ಬಿಳಿ ಬಟ್ಟೆ ಕಟ್ಟಿ, "ಏನ್ಸಾರ್, ಮೀಸೆ ಟ್ರಿಮ್ ಮಾಡ್ಲಾ?" ಎನ್ನುತ್ತಿದ್ದರು. ಅವಳು ನಕ್ಕು ಮುಗಿಸುವುದರೊಳಗೆ ಹತ್ತೂ ಉಗುರು ತೆಗೆದಾಗಿರುತ್ತಿತ್ತು. ಬರೀ ಕತ್ತರಿಸಿ ಬಿಡುತ್ತಿರಲಿಲ್ಲ, ಅರದಿಂದ ಉಜ್ಜಿ ನುಣುಪು ಮಾಡುತ್ತಿದ್ದರು. ಕೆರೆದುಕೊಂಡ ಗಾಯವಿದ್ದರೆ, ಗಡ್ಡ ಹೆರೆದ ಮೇಲೆ ಉಜ್ಜುವ ಪಟಿಕದ ಕಲ್ಲನ್ನು ಒದ್ದೆ ಮಾಡಿ ಸವರಿ, ಕೆನ್ನೆಗೆ ಮುತ್ತು ಕೊಟ್ಟು ಇಳಿಸುತ್ತಿದ್ದರು.

ಪಟಿಕದ ಕಲ್ಲು ಅವರ ಹತ್ತಿರ ಎರಡಿದ್ದವು. ಒಂದು ಅಂಗಡಿಯ ಗೂಡಿನಲ್ಲಿ, ಗಿರಾಕಿಗಳದು. ಒಬ್ಬರಿಗೆ ಉಜ್ಜಿದ ಮೇಲೆ ಅದನ್ನು ಬಿಸಿನೀರಿನಲ್ಲಿ ತೊಳೆದೇ ಇನ್ನೊಬ್ಬರಿಗೆ ಮುಟ್ಟಿಸುತ್ತಿದ್ದರು, ಅದರಲ್ಲಿ ಬಲು ಕಟ್ಟುನಿಟ್ಟು. ಇನ್ನೊಂದು ಅವರ ಅಂಗಿಯ ಜೇಬಿನಲ್ಲಿ, ಮನೆಯವರದು. ಅದನ್ನು ತೊಳೆಯಬೇಕೆಂದು ಅವರಿಗೆ ಯಾವತ್ತೂ ಅನಿಸಿರಲಿಲ್ಲ. ಮನೆಯವರಲ್ಲಿ ಏನು ಬೇರೆ ಬೇರೆ ಎನ್ನುವ ಮನುಷ್ಯ ಅವರು.

ಒಂದು ಸಂಜೆ ಗಂಡ ಕೆಲಸದಿಂದ ಬಂದವನೇ ಕೈಕಾಲು ತೊಳೆಯದೆ ಮೆಣಸಿಯ ಮುಲಾಮಿನ ಟ್ಯೂಬನ್ನು ಕೈಗೆತ್ತಿಕೊಂಡ.

"ಇದನ್ನ ಇವತ್ತಿಂದ ಹಚ್ಚೋದು ಬೇಡ. ಬಣ್ಣ ಹೊಡೀತಿರೋ ಮನೆ ಯಜಮಾನ್ರು ಹೇಳಿದ್ರು. ಇದ್ರಲ್ಲಿ ಸ್ಟೆರಾಯ್ಡ್ ಇದೆಯಂತೆ, ಚರ್ಮ ತೆಳ್ಳಗಾಗ್ಬಿಡತ್ತಂತೆ."

"ಡಾಕ್ಟರೇ ಬರ್ಕೊಟ್ಟಿದ್ದಲ್ವೇನ್ರೀ?" ಎಂದಳು ಸೊಸೆ.

"ಅವರು ಬರೀತಾರೆ, ಅವರಿಗೇನು? ಗೋಡೆ ಒಳಗೆ ತೇವ ಇಟ್ಕೊಂಡು ಮೇಲೆ ಬಣ್ಣ ಬಳಿದ್ರೆ ಏನಾಗತ್ತೆ? ಒಂದು ತಿಂಗಳು ಚೆಂದ. ಆಮೇಲೆ ಬಣ್ಣ ಉಬ್ಬಿ ಉದುರತ್ತೆ. ಇದೂ ಅಷ್ಟೇ. ಒಳಗಿರೋದೆಲ್ಲ ಹೊರಗೆ ಬರ್ಲಿ, ತಾನೇ ಒಣಗತ್ತೆ."

"ತುರಿಕೆ ಜಾಸ್ತಿಯಾದ್ರೆ?"

"ಮೊದಲು ಜಾಸ್ತಿ ಆಗ್ಲೇಬೇಕು. ಅಪ್ಪ ಅಮ್ಮಂಗೆ ಹೇಳ್ಬೇಡ. ಸುಮ್ನೆ ಇಲ್ಲದ್ದು ತೆಗೀತಾರೆ."

ಟ್ಯೂಬನ್ನು ಅವನು ತನ್ನ ಬ್ರಷ್‌ಗಳ ಡಬ್ಬಿಗೆ ಹಾಕಿಕೊಂಡ. ಸೊಸೆ ವಾದಕ್ಕೆ ಇಳಿಯಲಿಲ್ಲ. ಯಂತ್ರದ ಮುಂದೆ ಕೂತು ಬಂದ ಬೆನ್ನು ನೋಯುತ್ತಿತ್ತು, ಒಲೆಯ ಮೇಲೆ ಬೇಳೆ ಉಕ್ಕುತ್ತಿತ್ತು. ಚರ್ಮ ತೆಳ್ಳಗಾಗುತ್ತದೆ ಎಂಬ ಮಾತು ಅವಳಿಗೂ ಹೆದರಿಕೆ ಹುಟ್ಟಿಸಿತ್ತು. ಅವನು ಹೇಳಿದ್ದು ಸರಿಯಿದ್ದರೂ ಇರಬಹುದು ಎಂದುಕೊಂಡು ಬೇಳೆ ಇಳಿಸಿದಳು.

ತುರಿಕೆ ಜಾಸ್ತಿಯಾಯಿತು. ಮಂಡಿಯ ಹಿಂದೆ, ಕತ್ತಿನ ಸುತ್ತ, ಕಿವಿಯ ಕೆಳಗೆ ಚರ್ಮ ಬಿರಿದು ನೀರು ಒಸರತೊಡಗಿತು. ಅತ್ತೆ ಮೊಟ್ಟೆ ನಿಲ್ಲಿಸಿದರು, ಆಮೇಲೆ ಹಾಲು ನಿಲ್ಲಿಸಿದರು. ಗಂಜಿಯೊಂದೇ ಉಳಿದಾಗ ಮೆಣಸಿ ತಟ್ಟೆಯನ್ನೇ ದೂಡಿದಳು.

"ಏನೇ ಇದು, ಮಗು ಹಿಂಗೆ ಕಾಯಿತುರಿ ಥರ ತುರ್ಕೊಳ್ತಿದೆ. ಔಷಧಿ ಹಚ್ತಿದೀಯಾ ಇಲ್ವಾ?" ಎಂದು ಅತ್ತೆ ಕೇಳಿದರು.

ಸೊಸೆ ಗಂಡನ ಮುಖ ನೋಡಿದಳು. ಅವನು ರೊಟ್ಟಿ ಮುರಿಯುತ್ತಿದ್ದ.

"ಹಚ್ತಿದೀನಿ ಅತ್ತೆ," ಎಂದಳು.

ಆ ವಾರವೇ ಮಾವನಿಗೆ ನೆಗಡಿ, ಮೈಬಿಸಿ. ಜ್ವರ ಇಳಿದ ಮೇಲೆ ಕೆಳತುಟಿಯ ಅಂಚಿಗೆ ಪುಟ್ಟ ಗುಳ್ಳೆಗಳ ಗೊಂಚಲು ಎದ್ದಿತು. ವರ್ಷಕ್ಕೊಂದೆರಡು ಸಲ ಏಳುವುದು ಅವರಿಗೆ ಹೊಸದೇನಲ್ಲ. ಜೇಬಿನಿಂದ ಕಲ್ಲು ತೆಗೆದು, ನಾಲಿಗೆಯಿಂದ ಒದ್ದೆ ಮಾಡಿ, ಕನ್ನಡಿಯಲ್ಲಿ ನೋಡಿಕೊಂಡು ಒತ್ತಿಕೊಂಡರು. ಗಿರಾಕಿಗಳಿಗೆ ಅಸಹ್ಯ ಆಗಬಾರದೆಂದು ಅಂಗಡಿಯಲ್ಲಿದ್ದಷ್ಟು ಹೊತ್ತು ಬಾಯಿಗೆ ಬಟ್ಟೆ ಕಟ್ಟಿಕೊಂಡರು, ಮನೆಯೊಳಗೆ ಬರುವಾಗ ಬಿಚ್ಚಿಟ್ಟರು. ಭಾನುವಾರ ಮೆಣಸಿಯ ಉಗುರು ತೆಗೆದು, ಕತ್ತಿನ ಹತ್ತಿರ ಹಸಿಯಾಗಿದ್ದ ಕಡೆಯೆಲ್ಲ ಅದೇ ಕಲ್ಲು ಸವರಿ, ಎಂದಿನಂತೆ ಎರಡೂ ಕೆನ್ನೆಗೆ ಮುತ್ತು ಕೊಟ್ಟರು.

ಮುಂದಿನ ವಾರ ಸೊಸೆ ಕಾರ್ಖಾನೆಯಿಂದ ಬಂದಾಗ ಮಗು ಮಲಗಿತ್ತು. ಮೈ ಕೆಂಡ. ಕೆನ್ನೆಯ ಮೇಲೆ, ಕತ್ತಿನ ಮೇಲೆ ಗುಳ್ಳೆಗಳು. ಕೆಲವು ಒಡೆದು ಸಣ್ಣ ಸಣ್ಣ ತೂತುಗಳಾಗಿದ್ದವು, ಎಲ್ಲವೂ ಒಂದೇ ಅಳತೆ. ದಿನವಿಡೀ ತೂತು ನೋಡಿ ಬಂದವಳಿಗೆ ಅದು ಥಟ್ಟನೆ ಕಣ್ಣಿಗೆ ಬಿತ್ತು. ಇಸಬು ಇಷ್ಟು ಅಚ್ಚುಕಟ್ಟಾಗಿ ಬರುವುದನ್ನು ಅವಳು ನೋಡಿರಲಿಲ್ಲ.

"ನೋಡು, ಒಳಗಿಂದು ಹೊರಗೆ ಬರ್ತಿದೆ," ಎಂದ ಗಂಡ. ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ. ಬೀದಿಯ ಔಷಧಿ ಅಂಗಡಿಯಿಂದ ಕೀವಿಗೆಂದು ಒಂದು ಸಿರಪ್ ತಂದ. ಅದನ್ನು ಕುಡಿಸಿದರೂ ಜ್ವರ ಇಳಿಯಲಿಲ್ಲ. ಗುಳ್ಳೆ ಎಡಗಣ್ಣಿನ ರೆಪ್ಪೆಗೆ ಬಂದು ಕಣ್ಣು ಮುಚ್ಚಿಕೊಂಡ ಬೆಳಿಗ್ಗೆ ಇಬ್ಬರೂ ಅವಳನ್ನು ದೊಡ್ಡಾಸ್ಪತ್ರೆಗೆ ಎತ್ತಿಕೊಂಡು ಹೋದರು.

ಡಾಕ್ಟರು ವಯಸ್ಸಾದ ಹೆಂಗಸು, ಮುಲಾಮು ಬರೆದುಕೊಟ್ಟಿದ್ದವರೂ ಅವರೇ. ದೀಪ ಹಿಡಿದು ಮುಖವನ್ನು ಬಹಳ ಹೊತ್ತು ನೋಡಿದರು.

"ಮನೇಲಿ ಯಾರಿಗಾದ್ರೂ ಇತ್ತೀಚೆಗೆ ತುಟಿ ಮೇಲೆ ಗುಳ್ಳೆ ಎದ್ದಿತ್ತಾ?"

"ನಮ್ಮಾವಂಗೆ," ಎಂದಳು ಸೊಸೆ.

"ಮಗೂಗೆ ಮುತ್ತು ಕೊಡೋದು, ಮೈ ಸವರೋದು ಇತ್ತಾ?"

ಅವಳು ಕಲ್ಲಿನ ವಿಷಯವನ್ನೂ ಹೇಳಿದಳು. ಡಾಕ್ಟರು ತಲೆಯಾಡಿಸಿದರು.

"ಇದು ಹರ್ಪಿಸ್ ಅನ್ನೋ ವೈರಸ್ಸು. ದೊಡ್ಡವರಿಗೆ ತುಟಿ ಮೇಲೆ ಒಂದು ಗುಳ್ಳೆ, ವಾರದಲ್ಲಿ ಮಾಯ. ಇವಳಿಗೆ ಹಂಗಲ್ಲ. ಅಲರ್ಜಿ ಇಸಬು ಇರೋ ಚರ್ಮ ಕಾವಲಿಲ್ಲದ ಮನೆ ಇದ್ದಂಗೆ. ಒಳಗೆ ಬಂದಿದ್ದು ಎಲ್ಲಾ ಕಡೆ ಓಡಾಡತ್ತೆ. ಕಣ್ಣಿಗೆ ಹೋಗದೆ ಇದ್ರೆ ಸಾಕು. ಅಡ್ಮಿಟ್ ಮಾಡಿ, ಈಗ್ಲೇ ಡ್ರಿಪ್ ಹಾಕ್ಬೇಕು."

ಗಂಡ ಔಷಧಿಯ ಚೀಟಿ ಹಿಡಿದು ಹೊರಟ. ಬಾಗಿಲಲ್ಲಿ ನಿಂತು, "ಅಪ್ಪನ ಕೆಲಸ ಇದು," ಎಂದು ಹಲ್ಲು ಕಚ್ಚಿ ಹೋದ.

ಅವನು ಹೋದ ಮೇಲೆ ಡಾಕ್ಟರು ಮಗುವಿನ ಮೊಣಕೈ ಮಡಿಕೆಯನ್ನು ಬೆರಳಿಂದ ಮುಟ್ಟಿ ನೋಡಿದರು.

"ಮುಲಾಮು ಹಚ್ತಾ ಇಲ್ಲ ಅಲ್ವಾ?"

ಸೊಸೆ ಅಂಗಿಯ ತೋಳನ್ನು ಎಳೆದು ಆ ಮಡಿಕೆಯನ್ನು ಮುಚ್ಚಿದಳು.

"ಯಾವಾಗಿಂದ?"

"ಒಂದು ತಿಂಗಳಾಯ್ತು. ಚರ್ಮ ತೆಳ್ಳಗಾಗತ್ತೆ ಅಂತ."

"ಹೇಳಿದಷ್ಟು ಹಚ್ಚಿದ್ರೆ ಏನೂ ಆಗಲ್ಲಮ್ಮ. ಹಚ್ಚಿ ಚರ್ಮ ಮುಚ್ಕೊಂಡಿದ್ರೆ ವೈರಸ್ಸು ಬಂದ್ರೂ ಇಷ್ಟು ಹರಡ್ತಿರ್ಲಿಲ್ಲವೇನೋ. ಇಸಬು ಸೋಂಕನ್ನ ಕರ್ಕೊಂಡು ಬರತ್ತೆ. ಸೋಂಕು ಬಂದ್ರೆ ಇಸಬು ಇನ್ನೂ ಕೆರಳತ್ತೆ. ಒಂದನ್ನ ಬಿಟ್ಟು ಒಂದನ್ನ ನೋಡಿದ್ರೆ ಆಗಲ್ಲ. ಈ ಗುಳ್ಳೆ ಒಣಗ್ಲಿ, ಮತ್ತೆ ಯಾವಾಗ ಹಚ್ಚಬೇಕು ಅಂತ ನಾನೇ ಹೇಳ್ತೀನಿ."

ಈ ಮಾತು ಕೇಳಿಸಿಕೊಂಡವಳು ಸೊಸೆಯೊಬ್ಬಳೇ. ಗಂಡ ಔಷಧಿ ಹಿಡಿದು ಬಂದಾಗ ಅವಳು ಅದನ್ನು ಹೇಳಬಹುದಿತ್ತು. ಹೇಳಲು ಬಾಯಿ ಬರಲಿಲ್ಲ. ಅವಳೊಳಗೆ ಅಳುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ, ಎಲ್ಲವೂ ಮರಗಟ್ಟಿ ಹೋಗಿತ್ತು. ನರ್ಸು ಸೂಜಿ ಚುಚ್ಚಲು ಮಗುವಿನ ಕೈ ಹಿಡಿದುಕೊಳ್ಳಿ ಎಂದರು, ಅವಳು ಹಿಡಿದುಕೊಂಡಳು.

ಆಸ್ಪತ್ರೆಯಲ್ಲಿ ಇದ್ದಷ್ಟು ಕಾಲವೂ ಅವಳು ಹಾಗೇ ಇದ್ದಳು. ಬುತ್ತಿ ಬಂದರೆ ಉಣ್ಣುವುದು, ಡಬ್ಬಿ ತೊಳೆಯುವುದು, ಮಗು ಕೆರೆಯದಂತೆ ಕೈಗೆ ಕಾಲುಚೀಲ ತೊಡಿಸುವುದು. ಕಣ್ಣಿನ ಡಾಕ್ಟರು ಬಂದು ಹಳದಿ ಹನಿ ಹಾಕಿ ಪರೀಕ್ಷಿಸಿ, ಕಣ್ಣು ಕ್ಷೇಮ ಎಂದರು. ಪಕ್ಕದ ಹಾಸಿಗೆಯ ಹೆಂಗಸು ಸಂತೋಷದಿಂದ ಅವಳ ಕೈ ಹಿಡಿದುಕೊಂಡಳು. ಸೊಸೆ ಸಂತೋಷಪಡಬೇಕೆಂದು ನೋಡಿದಳು, ಆಗಲಿಲ್ಲ. ಹೂಂ ಎಂದಳು.

ಅಷ್ಟರಲ್ಲಿ ಮನೆಯಲ್ಲಿ ನಡೆಯುವುದೆಲ್ಲ ನಡೆದುಹೋಗಿತ್ತು. ಬುತ್ತಿ ತಂದ ಅತ್ತೆಯೇ ಅದನ್ನು ಹೇಳಿದರು.

"ಅಂಗಡಿ ತುಂಬ ಗಿರಾಕಿಗಳು ಕಣೇ. ಅವರ ಮುಂದೇನೇ ಕೂಗಾಡ್ದ ನಿನ್ನ ಗಂಡ. ನಿನ್ನ ಹೊಲಸು ತುಟಿ ತಂದು ನನ್ನ ಮಗಳ ಮುಖಕ್ಕೆ ಒರೆಸ್ದೆ ಅಂದ. ಅರ್ಧ ಗಡ್ಡ ಆಗಿದ್ದ ಮನುಷ್ಯ ಸೋಪಿನ ನೊರೆ ಒರೆಸ್ಕೊಂಡು ಎದ್ದು ಹೋದ."

"ಮಾವ ಏನಂದ್ರು?"

"ಏನಂತಾರೆ? ಕಲ್ಲು ತಗೊಂಡು ಹೋಗಿ ಚರಂಡಿಗೆ ಎಸೆದು ಬಂದ್ರು. ಸಂಜೆ ಹಾಸಿಗೆ ಸುತ್ಕೊಂಡು ಅಂಗಡಿಗೆ ಹೋದ್ರು. ಊಟಾನೂ ಅಲ್ಲೇ. ಬೇಕಂತ ಮಾಡಿದ್ರೇನೇ ಅವರು?"

ಸೊಸೆ ಡಬ್ಬಿಯ ಮುಚ್ಚಳ ಹಾಕಿದಳು.

ಮನೆಗೆ ಬಂದ ಮೇಲೆ ಮೆಣಸಿಯ ಮುಖದ ಮೇಲೆ ಸಣ್ಣ ಕಲೆಗಳು ಉಳಿದಿದ್ದವು, ಅವೂ ಮಾಸುತ್ತವೆ ಎಂದಿದ್ದರು. ಡಾಕ್ಟರು ಹೇಳಿದ ದಿನದಿಂದ ಮುಲಾಮು ಮತ್ತೆ ಶುರುವಾಯಿತು. ಗಂಡ ಬ್ರಷ್‌ಗಳ ಡಬ್ಬಿಯಿಂದ ಟ್ಯೂಬನ್ನು ತಂದು ಗೂಡಿನಲ್ಲಿ ಇಟ್ಟ. ಅತ್ತೆ ಆಗ ಒಲೆಯ ಮುಂದಿದ್ದರು.

ಪರದೆ ಇದ್ದ ಬಾಗಿಲನ್ನು ಈಗ ಮುಚ್ಚಿ ಚಿಲಕ ಹಾಕಿದ್ದರು. ಅತ್ತೆಗೆ ಗಿರಾಕಿಗಳ ಕಥೆಗಳೂ ಇಲ್ಲವಾದವು. ಸೊಸೆ ಕೆಲಸಕ್ಕೆ ಹೋಗುವ ಮುನ್ನ ಬೀದಿ ಕಡೆಯಿಂದ ಸುತ್ತಿ ಹೋಗಿ ಮಾವನ ತಟ್ಟೆಯನ್ನು ಅಂಗಡಿಯ ಬೆಂಚಿನ ಮೇಲೆ ಇಡುತ್ತಿದ್ದಳು. ಅವರು ಕನ್ನಡಿಯಲ್ಲೇ ಅವಳನ್ನು ನೋಡಿ, "ಮಗು ಹೆಂಗಿದೆ?" ಎನ್ನುತ್ತಿದ್ದರು. "ಪರವಾಗಿಲ್ಲ ಮಾವ" ಎಂದು ಅವಳು ಬರುತ್ತಿದ್ದಳು. ತುಟಿ ವಾಸಿಯಾಗಿ ಎಷ್ಟೋ ದಿನವಾಗಿತ್ತು. ಆದರೂ ಅವಳ ಕಣ್ಣು ಮೊದಲು ಹೋಗುತ್ತಿದ್ದದ್ದು ಅವರ ಬಾಯಿಯ ಕಡೆಗೇ, ಅದು ಅವರಿಗೂ ಗೊತ್ತಾಗುತ್ತಿತ್ತು.

ಮೆಣಸಿ ತಾತ ಎಲ್ಲಿ ಎಂದು ಮೊದಮೊದಲು ಕೇಳಿದಳು.

"ತಾತಂಗೆ ಕೆಲಸ ಇದೆ," ಎಂದ ಅಪ್ಪ.

"ಕೆಲಸ ಮುಗಿದ ಮೇಲೆ?"

"ಇನ್ನೊಂದು ಕೆಲಸ ಇರತ್ತೆ."

ಆಮೇಲೆ ಅವಳು ಕೇಳುವುದನ್ನು ಬಿಟ್ಟಳು. ಬಾಗಿಲ ಹತ್ತಿರ ಕೂತು ಆಚೆ ಕಡೆಯ ಕತ್ತರಿಯ ಸದ್ದು ಕೇಳುತ್ತಿದ್ದಳು.

ಉಗುರು ಮಾತ್ರ ಯಾರ ಮಾತಿಗೂ ಕಾಯದೆ ಬೆಳೆಯಿತು. ಒಂದು ಭಾನುವಾರ ಅಪ್ಪ ನೇಲ್ ಕಟರ್ ಹಿಡಿದು ಕೂತ. ಅತ್ತೆ ಕಾಲು ಹಿಡಿದರು, ಸೊಸೆ ತೋಳು ಹಿಡಿದಳು. ಮಗು ಮೈಯೆಲ್ಲ ಬಿಲ್ಲು ಮಾಡಿ ಕಿರುಚಿತು. ಎರಡು ಉಗುರು ಆಗುವಷ್ಟರಲ್ಲಿ ಮೂರನೆಯ ಬೆರಳಿನ ತುದಿಗೆ ಗಾಯವಾಯಿತು. ಗಂಡ ಕಟರನ್ನು ನೆಲಕ್ಕೆ ಎಸೆದ.

"ಮಲಗಿದಾಗ ತೆಗಿ," ಎಂದ.

ಮಲಗಿದಾಗ ಮುಟ್ಟಿದರೂ ಅವಳು ಎಚ್ಚರವಾಗುತ್ತಿದ್ದಳು. ಕೆರೆತದಿಂದ ಮಣಿಕಟ್ಟಿನ ಚರ್ಮ ಮತ್ತೆ ಕಿತ್ತುಬಂತು. ಅದರ ಮೇಲೆ ಜೇನಿನ ಬಣ್ಣದ ಹಕ್ಕಳೆ ಕಟ್ಟಿತು.

ಮರುಪರೀಕ್ಷೆಗೆ ಹೋದಾಗ ಡಾಕ್ಟರು ಮಣಿಕಟ್ಟು ನೋಡಿ ಮುಖ ಗಂಟಿಕ್ಕಿದರು.

"ಇದು ವೈರಸ್ಸಲ್ಲ, ಬೇರೆ ಕ್ರಿಮಿ. ಉಗುರು ನೋಡಿದ್ರಾ ಎಷ್ಟುದ್ದ ಇದೆ? ಮುಂಚೆ ಎಷ್ಟು ಚೆನ್ನಾಗಿರ್ತಿತ್ತು ಇವಳ ಉಗುರು. ಯಾರು ತೆಗೀತಿದ್ರು?"

"ಅವರ ತಾತ."

"ಈಗ?"

ಸೊಸೆ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು.

"ನಾನು ಮನೆ ಬಿಡಿಸಿ ಅಂದಿದ್ನಾ? ತುಟಿಗೆ ಗುಳ್ಳೆ ಎದ್ದಾಗ ದೂರ ಇದ್ರೆ ಸಾಕು, ಕೈ ತೊಳ್ಕೊಂಡ್ರೆ ಸಾಕು. ಅವರೇ ತೆಗೀಲಿ ಉಗುರು."

ಆ ದಿನ ಸಂಜೆಯ ಊಟಕ್ಕೆ ಅನ್ನ, ಬೇಳೆ, ಆಲೂಗಡ್ಡೆ ಪಲ್ಯ. ಸೊಸೆ ಬಡಿಸುತ್ತ ಡಾಕ್ಟರು ಹೇಳಿದ್ದನ್ನು ಹೇಳಿದಳು.

"ಬೇಡ," ಎಂದ ಗಂಡ. "ಒಂದ್ಸಲ ಆಗಿದ್ದು ಸಾಕು. ಇಷ್ಟಕ್ಕೆಲ್ಲ ಅಪ್ಪನೇ ಕಾರಣ."

ಅವಳು ಅವನ ತಟ್ಟೆಗೆ ಪಲ್ಯ ಹಾಕಿದಳು. ಸೌಟನ್ನು ಪಾತ್ರೆಗೆ ಇಟ್ಟಳು.

"ಮುಲಾಮು ನಿಲ್ಲಿಸಿದ್ದಕ್ಕೇ ಇಷ್ಟು ಹರಡಿದ್ದು ಅಂತ ಆವತ್ತೇ ಡಾಕ್ಟರು ಹೇಳಿದ್ರು. ನೀವು ಔಷಧಿ ತರೋಕೆ ಹೋಗಿದ್ರಿ."

ದನಿ ಏರಲಿಲ್ಲ. ಇನ್ನೊಂದು ಸ್ವಲ್ಪ ಅನ್ನ ಹಾಕಲಾ ಎಂದು ಕೇಳಿದ ಹಾಗಿತ್ತು.

ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು. "ಯಾವ ಮುಲಾಮು? ಯಾರು ನಿಲ್ಲಿಸಿದ್ರು?"

"ಇವರು ನಿಲ್ಲಿಸಿದ್ರು. ನಾನು ಸುಮ್ನಿದ್ದೆ. ನೀವು ಕೇಳಿದಾಗ ಹಚ್ತಿದೀನಿ ಅಂತ ಸುಳ್ಳು ಹೇಳ್ದೆ."

"ಈಗ ಹೇಳ್ತಿದೀಯಾ ಇದನ್ನ?" ಎಂದ ಗಂಡ.

"ಈಗ ಹೇಳ್ತಿದೀನಿ."

"ಲೋ," ಎಂದರು ಅತ್ತೆ ಮಗನಿಗೆ, ಬಹಳ ನಿಧಾನವಾಗಿ, "ಇದು ಗೊತ್ತಿದ್ದೂ ನಿಮ್ಮಪ್ಪನ್ನ ಗಿರಾಕಿಗಳ ಮುಂದೆ ಹಂಗೆ ಅಂದ್ಯಾ?"

"ಡಾಕ್ಟರು ಹೇಳಿದ್ದು ನಂಗೆಲ್ಲಿ ಗೊತ್ತಿತ್ತು?"

"ನಿಲ್ಲಿಸಿದ್ದು ಗೊತ್ತಿತ್ತಲ್ಲ."

ಅವನು ಅನ್ನವನ್ನು ಕಲೆಸುತ್ತಲೇ ಇದ್ದ, ಅದು ಗಂಜಿಯಾಗುವವರೆಗೆ. ಆಮೇಲೆ ಎದ್ದು ಹೋಗಿ ಬಾಗಿಲ ಚಿಲಕ ತೆಗೆದ. ಬಾಗಿಲು ತೆರೆದು ಆಚೆ ಹೋಗಲಿಲ್ಲ. ಚಿಲಕ ತೆಗೆದಿಟ್ಟು, ತಟ್ಟೆ ತೊಳೆದು, ಬೀದಿಗೆ ಹೊರಟುಹೋದ. ಅವನಿಂದ ಆಗಿದ್ದು ಅಷ್ಟೇ.

ಸೊಸೆಯೇ ಆ ಬಾಗಿಲಿಂದ ಅಂಗಡಿಗೆ ಹೋದಳು. ಮಾವ ಕುರ್ಚಿಯ ಮೇಲೆ ಕೂತು ಊಟ ಮಾಡುತ್ತಿದ್ದರು, ಎದುರಿನ ಕನ್ನಡಿಯಲ್ಲಿ ಅವರೇ ಅವರಿಗೆ ಜೊತೆ. ಅವಳು ನಿಂತೇ ಎಲ್ಲವನ್ನೂ ಹೇಳಿದಳು. ಮುಲಾಮು, ಬ್ರಷ್‌ಗಳ ಡಬ್ಬಿ, ತಾನು ಹೇಳಿದ ಸುಳ್ಳು, ಡಾಕ್ಟರ ಮಾತು. ಹೇಳಿದ ಮೇಲೆ ಹಗುರವಾಗುತ್ತದೆ ಎಂದುಕೊಂಡಿದ್ದಳು. ಹಾಗೇನೂ ಆಗಲಿಲ್ಲ.

ಮಾವ ತುತ್ತು ನುಂಗಿ ನೀರು ಕುಡಿದರು.

"ಅಂದ್ರೆ ಎರಡೂ ಸೇರಿದ್ದಕ್ಕೆ ಹಂಗಾಯ್ತು."

"ಹೂಂ ಮಾವ. ನಿಮ್ಮೊಬ್ಬರದೇ ಅಲ್ಲ."

"ಅರ್ಧ ನಂದೇ ಅಲ್ವಾ?"

ಅವಳು ಅವರ ಲೋಟಕ್ಕೆ ಮತ್ತೆ ನೀರು ಹಾಕಿದಳು.

"ಆ ಅರ್ಧಾನೇ ಸಾಕಮ್ಮ ನಂಗೆ. ಗಿರಾಕಿಗಳ ಮುಂದೆ ಬಟ್ಟೆ ಕಟ್ಕೊಂಡೆ. ಮಗು ಮುಂದೆ ಕಟ್ಕೊಳ್ಳಲಿಲ್ಲ."

"ಒಳಗೆ ಬನ್ನಿ ಮಾವ. ಅತ್ತೆ ಕಾಯ್ತಿದಾರೆ."

"ಇಲ್ಲೇ ಅಭ್ಯಾಸ ಆಗಿದೆ." ತಟ್ಟೆಯ ಅಂಚಿನ ಅನ್ನವನ್ನು ಬೆರಳಿಂದ ಒಟ್ಟು ಮಾಡಿದರು. "ಉಗುರು ತೆಗೀತೀನಿ. ಭಾನುವಾರ ಕರ್ಕೊಂಡು ಬಾ. ಬೇಗ ಬೇಡ, ನಾಲ್ಕು ಜನ ಇರೋ ಹೊತ್ತಿಗೆ ಬಾ. ಗಿರಾಕಿಗಳ ಸಾಲಲ್ಲೇ ಅವಳೂ ಬರ್ಲಿ."

ಭಾನುವಾರ ಅಂಗಡಿಯಲ್ಲಿ ನಾಲ್ಕೈದು ಜನ ಬೆಂಚಿನ ಮೇಲೆ ಕೂತಿದ್ದರು. ಸೊಸೆ ಮಗುವಿನ ಜೊತೆ ಅವರ ಪಕ್ಕದಲ್ಲಿ ಕೂತು ಸರದಿ ಕಾದಳು. ಮೆಣಸಿಗೆ ಕಾಯುವುದು ಅರ್ಥವಾಗಲಿಲ್ಲ. ಎದ್ದು ಹೋಗಿ ತಾತನ ಮಂಡಿ ಹಿಡಿದಳು. ಅವರು ಕತ್ತರಿಯನ್ನು ಮೇಲಕ್ಕೆತ್ತಿ, "ಕೂತ್ಕೋ, ಕರೀತೀನಿ" ಎಂದರು.

ಅವಳ ಸರದಿ ಬಂದಾಗ ಅವರು ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದರು. ಬಾಯಿಗೆ ಬಟ್ಟೆ ಬಿಗಿದು ಕಟ್ಟಿಕೊಂಡರು. ಕಟರನ್ನು ಬಿಸಿನೀರಿನಿಂದ ತೆಗೆದು ಒರೆಸಿದರು. ಮಗು ತಾನಾಗಿಯೇ ಕೈ ಚಾಚಿತು, ಅಳಲಿಲ್ಲ, ಮಿಸುಕಲಿಲ್ಲ. ಅವರು ಒಂದೊಂದೇ ಉಗುರನ್ನು ತೆಗೆದು, ಉಜ್ಜಿ, ನುಣುಪು ಮಾಡಿದರು. ಬೆಂಚಿನ ಮೇಲಿದ್ದವರೆಲ್ಲ ಅದನ್ನೇ ನೋಡುತ್ತಿದ್ದರು.

"ತಾತ, ನನ್ನ ಮುಖ ನೋಡು, ವಾಸಿಯಾಯ್ತು," ಎಂದಳು ಮೆಣಸಿ.

ಅವರು ಅವಳ ಕೈಯನ್ನೇ ನೋಡುತ್ತಿದ್ದರು. ಕೊನೆಯ ಬೆರಳು ಮುಗಿದ ಮೇಲೆ ಬಿಳಿ ಬಟ್ಟೆ ಬಿಚ್ಚಿ ಕೊಡವಿದರು. ತೋಳಿನ ಕೆಳಗೆ ಕೈ ಹಾಕಿ ಅವಳನ್ನು ಎತ್ತಿ, ಮೈಗೆ ತಾಗದ ಹಾಗೆ ದೂರ ಹಿಡಿದು, ಸೊಸೆಯ ಮುಂದೆ ಇಳಿಸಿದರು. ಆಮೇಲೆ ಕುರ್ಚಿಯನ್ನು ಒರೆಸಿ, ಬೆಂಚಿನ ಕಡೆ ತಿರುಗಿ ಕರೆದರು.

"ಮುಂದಿನವರು ಬನ್ನಿ."